ಹದಿನೇಳನೇ ನಂಬರಿನ ನೋವು

ಫೆಬ್ರವರಿ 3

ಅಣ್ಣಾ,

ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ "ಪತ್ರ ಬರಿ, ಈ ಡಬ್ಬಿಯೊಳಗೆ ನನ್ನ ಧ್ವನಿ ಹಿಡಿಸೋದಿಲ್ಲ" ಅಂತೀಯ. ಸರಿ ಮಹಾರಾಜ, ಅಪ್ಪಣೆಯಂತೆ ಬರೆಯುತ್ತಿದ್ದೇನೆ.

ಒಳ್ಳೆ ಸುದ್ದಿ. ನಮ್ಮ ಮಾತ್ರೆಯನ್ನು ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ ಶುರುವಾಯಿತು. ಸಕ್ಕರೆ ಕಾಯಿಲೆಯವರ ಕಾಲುರಿಗೆ ಅಂತ ಎಂಟು ವರ್ಷದಿಂದ ನಾನು ಹಿಡಿದು ಕೂತಿರುವ ಅದೇ ಮಾತ್ರೆ. ಅಮ್ಮ ಮಧ್ಯಾಹ್ನವೆಲ್ಲ ತಣ್ಣೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳಲ್ಲ, ನೀರು ಬೆಚ್ಚಗಾಯಿತು ಅಂತ ನನ್ನ ಕೈಲಿ ಬದಲಾಯಿಸುತ್ತಿದ್ದಳಲ್ಲ. ಆ ಬಕೆಟ್ಟೇ ನನ್ನನ್ನು ಈ ಕೆಲಸಕ್ಕೆ ತಳ್ಳಿದ್ದು.

ಪರೀಕ್ಷೆ ಎರಡು ಆಸ್ಪತ್ರೆಗಳಲ್ಲಿ ನಡೆಯುತ್ತೆ. ಒಂದು ನಮ್ಮದು. ಇನ್ನೊಂದು ನಿನ್ನ ಊರಿನದು, ನಿನ್ನ ಬೀದಿಯಿಂದ ಬಸ್ಸಿನಲ್ಲಿ ಮೂರು ಸ್ಟಾಪು. ರೋಗಿ ವಾರಕ್ಕೊಮ್ಮೆ ಬರಬೇಕು. "ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?" ಅಂತ ಕೇಳುತ್ತಾರೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು. ಹೇಳಿದ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಎಂಟು ವಾರ, ಅಷ್ಟೇ. ನನ್ನ ಮೇಜಿಗೆ ಹೆಸರು ಬರುವುದಿಲ್ಲ, ನಂಬರು ಮಾತ್ರ. ಮಾತ್ರೆ ಗೆಲ್ಲದಿದ್ದರೆ ನಮ್ಮ ವಿಭಾಗ ಮುಚ್ಚುತ್ತೆ. ನಿರ್ದೇಶಕರು ನಗುನಗುತ್ತಲೇ ಹೇಳಿದರು.

ಒಂದು ನಿಯಮಕ್ಕಾಗಿ ಸಭೆಯಲ್ಲಿ ಜಗಳವಾಡಿ ಗೆದ್ದೆ. ಎಂಟನೇ ವಾರಕ್ಕೂ ಅಂಕಿ ಆರು ಅಥವಾ ಮೇಲಿದ್ದರೆ ಅವರ ಬೆನ್ನಿನ ಸ್ಕ್ಯಾನ್ ಮಾಡಿಸಲೇಬೇಕು. ಕೆಲವರ ಕಾಲುರಿಗೆ ಸಕ್ಕರೆ ನೆಪ ಮಾತ್ರ. ಬೆನ್ನುಹುರಿಯ ಮೇಲೆ ಏನೋ ಬೆಳೆದು ಒತ್ತುತ್ತಿರುತ್ತೆ. ಬೇಗ ಕಂಡರೆ ತೆಗೆಯಬಹುದು.

ನಿನ್ನ ಕಾಲು ಹೇಗಿದೆ? ಅಮ್ಮನ ಸಕ್ಕರೆಯಲ್ಲಿ ನಮ್ಮಿಬ್ಬರಿಗೂ ಸಮಪಾಲು, ಮರೀಬೇಡ.

ನಿನ್ನ ಇರುವೆ

*

ಫೆಬ್ರವರಿ 24

ಅಖಂಡ ಲೆಕ್ಕಲೋಕದ ಒಡತಿ ಇರುವೆಮ್ಮನವರ ಸನ್ನಿಧಾನಕ್ಕೆ, ಹದಿನಾಲ್ಕು ರಾಜ್ಯಗಳನ್ನು ಗೆದ್ದು ಕೊನೆಗೆ ಒಂದು ಬಾಡಿಗೆ ಕೋಣೆಯಲ್ಲಿ ಸಿಂಹಾಸನವೇರಿದ ಕಂಪನಿ ನಾಟಕದ ನಿವೃತ್ತ ಚಕ್ರವರ್ತಿ ಅಪ್ಪಣೆ ಕೊಡಿಸುವುದೇನೆಂದರೆ:

ಕಾಲೇ? ಯಾವ ಕಾಲಿನ ಮಾತು ತಾಯಿ? ಮೂವತ್ತು ವರ್ಷ ರಂಗದ ಹಲಗೆಯನ್ನು ನಡುಗಿಸಿದ ಕಾಲು. ಒಮ್ಮೆ ಗುಡುಗಿದರೆ ಶತ್ರುಸೈನ್ಯದ ನಾಲ್ಕೂ ಜನ ಸೈಡ್ ವಿಂಗಿಗೆ ಓಡಿಹೋಗುತ್ತಿದ್ದರು. ಆ ಕಾಲು ಕಲ್ಲುಗುಂಡಿನ ಹಾಗಿದೆ. ನಿನ್ನ ಕಣ್ಣು ಬೀಳದಿದ್ದರೆ ಸಾಕು.

ನಮ್ಮ ಕೆಳಗಿನ ಅಂಗಡಿಯ ದರ್ಜಿ ನಿನ್ನ ಪರೀಕ್ಷೆಗೆ ಸೇರಿದ್ದಾನೆ. ಜೀವಮಾನವೆಲ್ಲ ಸೂಜಿಯಲ್ಲೇ ಬದುಕಿದ ಮನುಷ್ಯ, ನರ್ಸಮ್ಮನ ಸೂಜಿ ಕಂಡರೆ ಬೆವರುತ್ತಾನೆ. ಅವನ ಜೊತೆಗೆ ನಾನು ಹೋಗುತ್ತೇನೆ. ಬರೀ ಜೊತೆಗೆ.

ನಿನ್ನ ರಂಗಸ್ಥಳ ನೋಡಿದೆ. ಹಸಿರು ಬಣ್ಣದ ಉದ್ದ ಓಣಿ, ಒಂದು ಬೆಂಚು, ಅದರ ಕುಂಟುಕಾಲಿಗೆ ರಟ್ಟಿನ ಒತ್ತು. ಬೆಂಚಿನ ಮೇಲೆ ಕಾಲುರಿಯ ದೊರೆಗಳು: ನಿವೃತ್ತ ಬಸ್ ಕಂಡಕ್ಟರು, ಒಬ್ಬ ಟೀಚರಮ್ಮ, ನಮ್ಮ ದರ್ಜಿ. ಒಳಗೆ ಅಂಕಿ ಕೇಳುವ ಹುಡುಗಿ, ಇಪ್ಪತ್ತೆರಡು ವರ್ಷವಿರಬಹುದು. ರೋಗಿ "ಎಂಟು" ಅಂದರೆ ಅವಳ ಮುಖ ಬಾಡುತ್ತದೆ, "ಏಳು" ಅಂದರೆ ಅರಳುತ್ತದೆ. ಮೊದಲ ಸಾಲಿನಲ್ಲಿ ಅಂಥ ಒಬ್ಬಳು ಪ್ರೇಕ್ಷಕಿ ಕೂತರೆ ಮೂಗನೂ ಮಾತಾಡಿಯಾನು.

ಎದೆಗುಂದಬೇಡ ಇರುವೆ. ನಿನ್ನ ಮಾತ್ರೆ ಗೆಲ್ಲುತ್ತೆ. ಅಣ್ಣ ಇನ್ನೂ ಬದುಕಿದ್ದಾನೆ.

*

ಮಾರ್ಚ್ 24

ಚಕ್ರವರ್ತಿಗಳಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಅಂತಿದ್ದೆ. ಡಾಕ್ಟರು ಬೈತಾರೆ, ಬೇಡ. ನಿನ್ನ ಊರಿನ ಅಂಕಿಗಳು ಇಳಿಯುತ್ತಿವೆ ಅಣ್ಣಾ. ನಮ್ಮಲ್ಲಿ ಕೆಲವರದು ಇಳಿದಿದೆ, ಕೆಲವರದು ಅಲ್ಲೇ ನಿಂತಿದೆ. ನಿನ್ನಲ್ಲಿ ಎಲ್ಲರದೂ ಇಳಿಯುತ್ತಿದೆ. ಅದರಲ್ಲೂ ಒಬ್ಬರಿದ್ದಾರೆ, ಹದಿನೇಳನೇ ನಂಬರು. ಎಂಟು, ಏಳು, ಆರು, ಐದು, ನಾಲ್ಕು. ರಾಜಕುಮಾರ ಅರಮನೆಯ ಮೆಟ್ಟಿಲಿಳಿದು ಬಂದ ಹಾಗೆ. ಒಂದು ವಾರವೂ ಮುಗ್ಗರಿಸಿಲ್ಲ. ಆ ಮನುಷ್ಯ ಯಾರೋ, ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತೆ.

ಆಫೀಸಿನಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಮೊನ್ನೆ ಮೆಟ್ಟಿಲ ಮೇಲೆ ಹಾಡು ಗುನುಗಿದೆನಂತೆ.

ದರ್ಜಿಯವರ ಹತ್ತಿರ ನಾನು ನಿನ್ನ ತಂಗಿ ಅಂತ ಹೇಳಬೇಡ. ಪರೀಕ್ಷೆಗೆ ಅದು ಒಳ್ಳೆಯದಲ್ಲ.

ಇರುವೆ

*

ಏಪ್ರಿಲ್ 18

ಇರುವೆಗೆ,

ಎಂಟನೇ ವಾರದ ಅಂಕ ಮುಗಿದು ಪರದೆ ಬಿತ್ತು. ದರ್ಜಿ ಹುಡುಗಿಯ ಮುಂದೆ ಎದೆ ಸೆಟೆಸಿ "ಎರಡು" ಅಂದ. ಟೀಚರಮ್ಮ "ಎರಡು". ಕಂಡಕ್ಟರು ಮಾತ್ರ ಹಳೇ ಚಟ, "ಮೂರು ಕೊಡಿ" ಅಂದನಂತೆ. ಹುಡುಗಿ ಆನಂದದಿಂದ ಕಣ್ಣೊರೆಸಿಕೊಂಡಳು. ಬೆಂಚಿನವರಿಗೆ ನಾನು ನಾಲ್ಕು ಧೈರ್ಯದ ಮಾತು ಹೇಳುತ್ತಿದ್ದೆ, ಅಷ್ಟೇ. ಗೆದ್ದದ್ದು ನಿನ್ನ ಮಾತ್ರೆ.

ಅಕ್ಷರ ಸೊಟ್ಟಗಿದೆ ಅಂತ ಆಡಿಕೊಳ್ಳಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೇಜು ಡೊಂಕು ಅನ್ನುತ್ತೇನೆ. ಮಹಡಿಯ ಕೋಣೆ ಬಿಟ್ಟು ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಇಳಿದಿದ್ದೇನೆ. ಮೆಟ್ಟಿಲು ಬೇಸರವಾಯಿತು. ರಾಜರು ಆಗಾಗ ಅರಮನೆ ಬದಲಿಸಬೇಕು.

ಅಣ್ಣ

*

ನವೆಂಬರ್ 9

ಅಣ್ಣಾ,

ಏಪ್ರಿಲ್‌ನಿಂದ ಇಲ್ಲಿಯವರೆಗೆ ನನ್ನ ಆರು ಪತ್ರಕ್ಕೆ ನಿನ್ನದು ಮೂರು ಕಾರ್ಡು. ಮೂರರಲ್ಲೂ "ಕ್ಷೇಮ, ಮಹಾರಾಜ" ಅನ್ನುವ ಎರಡೇ ಪದ. ಬಡಾಯಿಗೂ ಬಡತನ ಬಂತಾ ಅಂದುಕೊಂಡೆ. ಕೇಳಲಿಲ್ಲ, ನನ್ನದೇ ನನಗೆ ಹಾಸಿ ಹೊದೆಯುವಷ್ಟಿತ್ತು.

ಮಾತ್ರೆ ಸೋತಿತು.

ಅರ್ಥವಾಗುವ ಹಾಗೆ ಹೇಳ್ತೀನಿ. ಅರ್ಧ ಜನಕ್ಕೆ ನಿಜವಾದ ಮಾತ್ರೆ ಕೊಟ್ಟಿದ್ದೆವು. ಉಳಿದರ್ಧಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟಿನ ಮಾತ್ರೆ. ಯಾರದು ಯಾವುದು ಅಂತ ಕೊನೆಯವರೆಗೂ ರೋಗಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಿಟ್ಟು ತಿಂದವರಿಗಿಂತ ಮಾತ್ರೆ ತಿಂದವರ ನೋವು ಹೆಚ್ಚು ಇಳಿದರೆ ಮಾತ್ರ ಮಾತ್ರೆ ಗೆದ್ದ ಹಾಗೆ. ನಮ್ಮ ಆಸ್ಪತ್ರೆಯಲ್ಲಿ ಹಾಗೇ ಆಗಿತ್ತು. ಮಾತ್ರೆಯವರದು ಮೂರು ಅಂಕಿ ಇಳಿದಿತ್ತು, ಹಿಟ್ಟಿನವರದು ಅಲ್ಲೇ ಇತ್ತು. ಆದರೆ ನಿನ್ನ ಊರಿನಲ್ಲಿ ಹಿಟ್ಟು ತಿಂದವರೂ ಮೇಳ ಕಟ್ಟಿದ ಹಾಗೆ ಒಟ್ಟಿಗೆ ಎರಡಕ್ಕೆ ಇಳಿದುಬಿಟ್ಟರು. ಎರಡೂ ಊರು ಕೂಡಿಸಿದರೆ ಅಂತರವೇ ಉಳಿಯಲಿಲ್ಲ.

ಕಳೆದ ವಾರ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ಪ್ರಬಂಧ ಅಚ್ಚಾಯಿತು. ಕೊನೆಯ ಸಾಲು ನಾನೇ ಬರೆದದ್ದು: "ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ." ಇನ್ನು ಈ ಮಾತ್ರೆಯನ್ನು ಜಗತ್ತಿನಲ್ಲಿ ಯಾರೂ ಮುಟ್ಟುವುದಿಲ್ಲ. ವಿಭಾಗದ ಕಪಾಟುಗಳನ್ನು ಖಾಲಿ ಮಾಡುತ್ತಿದ್ದೇವೆ. ಅಮ್ಮನ ಬಕೆಟ್ಟು ಅಮ್ಮನ ಬಕೆಟ್ಟಾಗಿಯೇ ಉಳಿಯಿತು.

ಇರುವೆ

*

ನವೆಂಬರ್ 20

ತಂಗೀ,

ಈ ಸಲ ಬಿರುದುಬಾವಲಿ ಇಲ್ಲ. ಕೂತು ಓದು.

ನಿನ್ನ ಹದಿನೇಳನೇ ನಂಬರು ನಾನು.

ಫೆಬ್ರವರಿಯಲ್ಲಿ ನಿನ್ನ ಪತ್ರ ಬಂದಾಗ ನನ್ನ ಕಾಲು ಉರಿಯುತ್ತಿತ್ತು. ದರ್ಜಿಯ ಜೊತೆ ನಾನೂ ಸಹಿ ಹಾಕಿದೆ. ನಿನಗೆ ತಿಳಿಸಿದರೆ ತೆಗೆದುಹಾಕುತ್ತೀಯ ಅಂತ ತಿಳಿಸಲಿಲ್ಲ. ಮೊದಲ ವಾರ ನಿಜವನ್ನೇ ಹೇಳಿದೆ, ಎಂಟು ಅಂದೆ. ಹುಡುಗಿ ತಲೆತಗ್ಗಿಸಿ ಬರೆದುಕೊಂಡಳು. ಅವಳ ಮುಖದಲ್ಲಿ ನೀನು ಕಂಡೆ, ಬಕೆಟ್ಟಿನ ನೀರು ಬದಲಾಯಿಸುತ್ತಿದ್ದ ನೀನು. ಮಾರನೇ ವಾರ ಏಳು ಅಂದೆ. ಅವಳು ಕತ್ತೆತ್ತಿ ನಕ್ಕಳು. ಆ ಒಂದು ನಗುವಿಗಾಗಿ ಮೂವತ್ತು ವರ್ಷ ಬಣ್ಣ ಹಚ್ಚಿದವನು ನಾನು. ನನಗೆ ಬೇರೇನು ಬರುತ್ತೆ?

ನಾನೊಬ್ಬನೇ ಆಡಿದ್ದರೆ ಚಿಂತೆಯಿರಲಿಲ್ಲ. ಬೆಂಚಿನ ಮೇಲೆ ತಾಲೀಮು ನಡೆಸಿದೆ.

ಕಂಡಕ್ಟರು ಒಳಗೆ ಹೋಗಿ "ಎಂಟು" ಅಂತ ಟಿಕೆಟ್ ಹರಿದಂತೆ ಹೇಳಿ ಬರುತ್ತಿದ್ದ. "ಏನ್ರೀ, ಆ ಮಗು ಮುಖ ನೋಡಿದ್ರಾ?" ಅಂದೆ.

"ನೋವಿರೋದು ನನ್ನ ಕಾಲಲ್ಲಿ ಸ್ವಾಮಿ, ಅವಳ ಮುಖದಲ್ಲಲ್ಲ," ಅಂದ.

"ಒಂದಂಕಿ ಇಳಿಸಿದ್ರೆ ನಿಮ್ಮಪ್ಪನ ಗಂಟು ಹೋಗುತ್ತಾ? ಮಾತ್ರೆ ಗೆದ್ರೆ ನಾಳೆ ಊರವರಿಗೆಲ್ಲ ಸಿಗುತ್ತೆ."

ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. "ಈ ವಯಸ್ಸಲ್ಲಿ ನನ್ನ ಕೈಲಿ ಸುಳ್ಳು ಹೇಳಿಸ್ತೀರಾ?"

"ಸುಳ್ಳಲ್ಲಮ್ಮ, ಪಾರ್ಟು. ಜನ ಅಳ್ತಾ ಮನೆಗೆ ಹೋಗಬಾರದು, ಅಷ್ಟೇ ನಮ್ಮ ಕಂಪನಿ ನಿಯಮ."

ದರ್ಜಿಗೆ ಹೇಳಿದೆ, "ಎರಡು ಅನ್ನೋವಾಗ ಹಲ್ಲು ಕಚ್ಚಬೇಡ ಮಾರಾಯ, ಕೊನೇ ಸಾಲಿನವನಿಗೂ ಗೊತ್ತಾಗುತ್ತೆ." ಅವನು ನಗುತ್ತ ಕಲಿತ. ವಾರ ವಾರ ಬೆಂಚು ತುಂಬಿತು. ಎಲ್ಲರಿಗೂ ಪಾರ್ಟು ಹಂಚಿದೆ.

ಹಿಟ್ಟಿನ ಮಾತ್ರೆಯ ಸಂಗತಿ ಸಹಿ ಹಾಕಿಸುವ ದಿನವೇ ಹುಡುಗಿ ಓದಿ ಹೇಳಿದ್ದಳಂತೆ, ನಾಲ್ಕು ಪುಟ. ನಾನು ಅವಳ ಉಚ್ಚಾರಣೆ ಕೇಳುತ್ತಿದ್ದೆ ತಂಗೀ, ಅರ್ಥವನ್ನಲ್ಲ. ಎಷ್ಟು ಚೆನ್ನಾಗಿ ಓದಿದಳು ಅಂತ ಬೆನ್ನು ತಟ್ಟಿ ಸಹಿ ಹಾಕಿದೆ.

ಹದಿನೇಳರ ಬಗ್ಗೆ ನೀನು ಬರೆದದ್ದನ್ನು ಹೆಮ್ಮೆಯಿಂದ ಮೂರು ಸಲ ಓದಿದ್ದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟೆ. ನಿನ್ನ ಮಾತ್ರೆಯ ಕತ್ತು ಹಿಚುಕಿದವನು ನಾನು. ಆ ಪತ್ರಿಕೆಯವರಿಗೆ ಬರೆ, ಅಚ್ಚಾದದ್ದು ಸುಳ್ಳು ಅಂತ ಹೇಳು. ನನ್ನ ಹೆಸರು ಬೇಕಾದರೂ ಹಾಕು.

ಅಣ್ಣ

*

ನವೆಂಬರ್ 28

ಹದಿನೇಳನೇ ನಂಬರಿನವರಿಗೆ,

ಈ ಪತ್ರ ನನ್ನ ಅಣ್ಣನಿಗಲ್ಲ. ಅವನ ಜೊತೆ ಮಾತಾಡುವ ಸ್ಥಿತಿಯಲ್ಲಿ ನಾನಿಲ್ಲ. ಒಂದೇ ಪ್ರಶ್ನೆ. ನನ್ನ ಮುಖ ನಿಮಗೆ ಕಾಣುವುದಿಲ್ಲ, ಹಾಗಾಗಿ ನಿಜ ಹೇಳಬಹುದು.

ಎಂಟನೇ ವಾರದಲ್ಲಿ, ಸೊನ್ನೆಯಿಂದ ಹತ್ತರೊಳಗೆ, ನಿಮ್ಮ ನೋವು ಎಷ್ಟಿತ್ತು? ಈಗ ಎಷ್ಟಿದೆ?

*

ಡಿಸೆಂಬರ್ 4

ಒಂಬತ್ತು.

ಈಗಲೂ ಒಂಬತ್ತು. ಜುಲೈಯಿಂದ ಬಲಗಾಲು ಎತ್ತಲಾಗುತ್ತಿಲ್ಲ. ಎಲ್ಲ ಸಕ್ಕರೆಯದೇ ಆಟ ಅಂದುಕೊಂಡಿದ್ದೆ.

ಫೋನಿನಲ್ಲಿ ನನ್ನ ಧ್ವನಿ ಚೆನ್ನಾಗಿಯೇ ಹಿಡಿಸುತ್ತಿತ್ತು ಇರುವೆ. ಮಾತಿನ ನಡುವೆ ನರಳುವುದು ಕೇಳಿಸಬಾರದು ಅಂತ ಪತ್ರ ಬರೆಸುತ್ತಿದ್ದೆ.

*

ಡಿಸೆಂಬರ್ 29

ಅಣ್ಣಾ,

ಬೆಳಿಗ್ಗೆ ಬಂದು ತಲುಪಿದೆ. ಹದಿನೆಂಟು ದಿನ ನಿನ್ನ ಹಾಸಿಗೆಯ ಪಕ್ಕದಲ್ಲಿದ್ದೂ ಹೇಳಲಾಗದ ಮೂರು ಮಾತು ಇಲ್ಲಿಂದ ಹೇಳ್ತೀನಿ.

ಒಂದು ನಿನಗೆ ಗೊತ್ತು, ಆದರೂ ನನ್ನ ಬಾಯಿಂದ ಕೇಳಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಬೆನ್ನುಹುರಿಯ ಮೇಲಿನ ಗಡ್ಡೆ ಏಪ್ರಿಲ್‌ನಲ್ಲಿ ಸಿಕ್ಕಿದ್ದರೆ ತೆಗೆಯಬಹುದಿತ್ತು ಅಂತ. ಈಗ ಹರಡಿದೆ. ನೀನು ಅವತ್ತು ಒಂಬತ್ತು ಅಂದಿದ್ದರೆ ನನ್ನ ನಿಯಮ ನಿನ್ನನ್ನು ಕೈಹಿಡಿದು ಸ್ಕ್ಯಾನಿಗೆ ಕರೆದೊಯ್ಯುತ್ತಿತ್ತು. ಜಗಳವಾಡಿ ಬರೆಸಿದ ನಿಯಮ ಅದು. ನನ್ನ ಸ್ವಂತ ಅಣ್ಣ ಅದರ ಕೈಗೆ ಸಿಗದ ಹಾಗೆ ಪಕ್ಕದಲ್ಲೇ ನುಸುಳಿಹೋದ.

ಎರಡನೆಯದು ನಿನಗೆ ಗೊತ್ತಿಲ್ಲ. ಮಾರ್ಚಿನಲ್ಲಿ ಹದಿನೇಳರ ಅಂಕಿಗಳನ್ನು ನೋಡಿ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ನೋವು ಹಾಗೆ ಮೆಟ್ಟಿಲಿಳಿದ ಹಾಗೆ ಇಳಿಯುವುದಿಲ್ಲ ಅಣ್ಣಾ. ಒಂದು ದಿನ ಏರುತ್ತೆ, ಒಂದು ದಿನ ಇಳಿಯುತ್ತೆ. ನನಗೆ ಗೊತ್ತಿತ್ತು. ಆ ಕೇಂದ್ರಕ್ಕೆ ಫೋನ್ ಮಾಡಿ "ಇನ್ನೊಮ್ಮೆ ಕೇಳಿ" ಅನ್ನಬೇಕಿತ್ತು. ಮಾತ್ರೆ ಗೆಲ್ಲಲಿ ಅನ್ನುವ ಆಸೆ. ಚಿಹ್ನೆಯನ್ನು ಅಳಿಸಿದೆ, ನಿನಗೆ ಖುಷಿಯ ಪತ್ರ ಬರೆದೆ. ನೀನೊಬ್ಬನೇ ಪಾರ್ಟು ಮಾಡಿದವನಲ್ಲ.

ಮೂರನೆಯದು, ಯಾರಿಗೆ ಯಾವ ಮಾತ್ರೆ ಅಂತ ಬರೆದಿಟ್ಟ ಸಂಕೇತದ ಪಟ್ಟಿಯಲ್ಲಿ ನಿನ್ನ ನಂಬರು ನೋಡಿದೆ. ನಿನಗೆ ಕೊಟ್ಟದ್ದು ಹಿಟ್ಟಿನ ಮಾತ್ರೆ. ಎಂಟು ವಾರ ನೀನು ಬರೀ ಹಿಟ್ಟು ನುಂಗಿ ನಕ್ಕಿದ್ದೀಯ.

"ಇಲ್ಲಿ ಕೂತು ನನ್ನ ಕಾಲೊತ್ತಬೇಡ, ಹೋಗಿ ಪ್ರಬಂಧ ಸರಿಮಾಡು" ಅಂತ ನನ್ನನ್ನು ಅಟ್ಟಿದೆಯಲ್ಲ, ಅದಕ್ಕೇ ಬಂದಿದ್ದೇನೆ. ಹದಿನೇಳನೇ ನಂಬರು ನನ್ನ ಅಣ್ಣ ಅಂತ ನಿರ್ದೇಶಕರಿಗೆ ಬರೆದುಕೊಟ್ಟೆ.

ನಿನ್ನ ದಿಂಬಿನ ಕೆಳಗೆ ಒಂದು ಹಾಳೆ ಇಟ್ಟಿದ್ದೇನೆ. ದಿನಕ್ಕೊಂದು ಮನೆ, ದಿನಕ್ಕೊಂದು ಅಂಕಿ. ಪ್ರೇಕ್ಷಕರು ಯಾರೂ ಇಲ್ಲ. ನಿಜ ಬರಿ.

ಇರುವೆ

*

ಜನವರಿ 17

ಇರುವೆಗೆ,

ಅಕ್ಷರ ದರ್ಜಿಯದು, ಮಾತು ನನ್ನದು. ಇವನು ಬಟ್ಟೆಗೆ ಅಂಚು ಹೊಲಿದ ಹಾಗೆ ನಿಧಾನಕ್ಕೆ ಬರೆಯುತ್ತಾನೆ, ಅದಕ್ಕೇ ಕಡಿಮೆ ಮಾತಾಡುತ್ತೇನೆ. ಜೀವನದಲ್ಲಿ ಮೊದಲ ಸಲ.

ಹಿಟ್ಟಿನ ಸುದ್ದಿ ಓದಿ ನಗು ಬಂತು. ಬೆನ್ನು ಬೇಡ ಅಂತ ಗದರಿಸಿತು. ಖಾಲಿ ಲೋಟ ಎತ್ತಿ ಹಾಲು ಕುಡಿದಂತೆ ಮೂವತ್ತು ವರ್ಷ ನಟಿಸಿದವನಿಗೆ ದೇವರು ಕೊನೆಯ ಪಾರ್ಟನ್ನೂ ಖಾಲಿ ಲೋಟದಲ್ಲೇ ಕೊಟ್ಟ. ನಿನ್ನ ಪೆನ್ಸಿಲಿನ ಮಾತು ಬಿಡು. ಅಳಿಸಿದ್ದು ನನ್ನನ್ನು ನಂಬಿ. ಅಷ್ಟು ಚೆನ್ನಾಗಿ ಮಾಡಿದ್ದೆ ನಾನು.

ಮೊನ್ನೆ ಬೆಂಚಿನವರೆಲ್ಲ ಈ ಕೋಣೆಗೆ ಬಂದರು. ಹೊಲಿಗೆ ಯಂತ್ರದ ಸ್ಟೂಲು, ಬಟ್ಟೆಯ ಗಂಟು, ಸಿಕ್ಕಿದ್ದರ ಮೇಲೆ ಕೂತರು. ಆಸ್ಪತ್ರೆಗೆ ಹೋಗಿ ಹಳೆಯ ಅಂಕಿ ಸುಳ್ಳು ಅಂತ ಬರೆದುಕೊಡಬೇಕು ಅಂದೆ. ಟೀಚರಮ್ಮ ಅತ್ತರು. "ಮಕ್ಕಳಿಗೆ ಮೂವತ್ತು ವರ್ಷ ಕಾಪಿ ಹೊಡೀಬೇಡಿ ಅಂದೋಳು ನಾನು," ಅಂದರು. ಕಂಡಕ್ಟರು, "ಸ್ವಾಮಿ, ನಿಮ್ಮ ಕಂಪನಿಗೆ ಸೇರಿ ಮೊದಲ್ನೇ ಸಲ ಟಿಕೆಟ್ ಇಲ್ದೆ ಪ್ರಯಾಣ ಮಾಡ್ದೆ," ಅಂದ.

ಕೊನೆಯ ತಾಲೀಮು ಮಾಡಿಸಿದೆ. ಏಳನ್ನು ಏಳು ಅಂತ ಹೇಳುವ ತಾಲೀಮು. ನಂಬುತ್ತೀಯಾ, ಬಹಳ ಕಷ್ಟ. ದರ್ಜಿ ಪ್ರತಿ ಸಲ ನಕ್ಕುಬಿಡುತ್ತಾನೆ. "ನಗಬೇಡ, ಅಳಲೂ ಬೇಡ, ಬರೀ ಹೇಳು" ಅಂತ ಹನ್ನೊಂದು ಸಲ ಹೇಳಿಸಿದೆ. ಮಾರನೇ ದಿನ ಎಲ್ಲರೂ ಹೋಗಿ ಸಹಿ ಹಾಕಿ ಬಂದರು. ಹುಡುಗಿ ಯಾರನ್ನೂ ಬೈಯಲಿಲ್ಲವಂತೆ. ಮುಖ ಮಾತ್ರ ಗೋಡೆ ಕಡೆ ತಿರುಗಿಸಿಕೊಂಡಳಂತೆ.

ಹಾಳೆ ತುಂಬುತ್ತಿದ್ದೇನೆ. ನಿಜವನ್ನೇ.

(ಅಮ್ಮಾ, ಇದು ದರ್ಜಿ ಬರೆಯೋದು. ಹಾಳೆ ನಾನು ದಿನಾ ನೋಡ್ತೀನಿ. ನಿಜವೇ ಇದೆ. ನೀವು ಒಂದ್ಸಲ ಬಂದುಹೋದ್ರೆ ಒಳ್ಳೇದು.)

*

ಮಾರ್ಚ್ 6

ಅಣ್ಣಾ,

ಈ ಪತ್ರಕ್ಕೆ ವಿಳಾಸವಿಲ್ಲ. ನೀನು ಹೋಗಿ ಹದಿನೆಂಟು ದಿನ. ಆದರೂ ನಿನಗೆ ಪತ್ರವೇ ಆಗಬೇಕಲ್ಲ.

ಪತ್ರಿಕೆಯ ಈ ತಿಂಗಳ ಸಂಚಿಕೆಯ ಕೊನೆಯ ಪುಟದಲ್ಲಿ ನಮ್ಮ ಸೂಚನೆ ಬಂದಿದೆ, ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ. "ಎರಡನೇ ಕೇಂದ್ರದಲ್ಲಿ ಭಾಗವಹಿಸಿದವರು ಪರಸ್ಪರ ಮಾತಾಡಿಕೊಂಡು ಉತ್ತರಿಸಿದ್ದರಿಂದ ಈ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಗಿದೆ." ಎಷ್ಟು ಸಪ್ಪೆ ಸಾಲು. ನೀನಾಗಿದ್ದರೆ ಇದನ್ನು ಮೂರು ಅಂಕದ ನಾಟಕ ಮಾಡುತ್ತಿದ್ದೆ. ನಮ್ಮ ಆಸ್ಪತ್ರೆಯ ಅಂಕಿಗಳನ್ನಷ್ಟೇ ನೋಡಿ, ಮಾತ್ರೆಯನ್ನು ಇನ್ನೊಮ್ಮೆ ಪರೀಕ್ಷಿಸಲು ಬೇರೆ ಊರಿನವರು ಒಪ್ಪಿದ್ದಾರೆ. ನನ್ನನ್ನು ಅದರಿಂದ ಹೊರಗಿಟ್ಟಿದ್ದಾರೆ, ಇಡಬೇಕಾದ್ದೇ. ಪ್ರಶ್ನೆ ಕೇಳುವ ಕ್ರಮವನ್ನು ಮಾತ್ರ ಬರೆದುಕೊಡಿ ಅಂದರು. ಬರೆದುಕೊಟ್ಟೆ: ರೋಗಿಗಳು ಬೇರೆ ಬೇರೆ ಹೊತ್ತಿಗೆ ಬರಬೇಕು. ಅಂಕಿಯನ್ನು ತಾವೇ ಬರೆದು ಪೆಟ್ಟಿಗೆಗೆ ಹಾಕಬೇಕು. ಕೇಳುವವರ ಮುಖ ಅವರಿಗೆ ಕಾಣಬಾರದು.

ದರ್ಜಿಯವರು ನಿನ್ನ ಹಾಳೆಯನ್ನು ಮಡಿಸಿ, ಜೇಬಿನ ಬಟ್ಟೆಯಲ್ಲಿ ಚೀಲ ಹೊಲಿದು, ಅದರಲ್ಲಿಟ್ಟು ಕೊಟ್ಟರು. ಓದಲು ಇಷ್ಟು ದಿನ ಬೇಕಾಯಿತು. ಒಂಬತ್ತು, ಒಂಬತ್ತು, ಎಂಟು, ಒಂಬತ್ತು, ಹತ್ತು, ಒಂಬತ್ತು. ಏರಿಳಿಯುತ್ತೆ, ಮುಗ್ಗರಿಸುತ್ತೆ. ಇಂಥ ನಿಜವಾದ ಅಂಕಿಗಳನ್ನು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಒಂದು ಮನೆಯನ್ನು ಬಿಟ್ಟು. ಫೆಬ್ರವರಿ 9.

ಅವತ್ತು ನಾನು ಬಂದಿದ್ದೆ. ಹಿಂದಿನ ಬಾಗಿಲ ಹತ್ತಿರ ನಿನ್ನನ್ನು ಎತ್ತಿ ಕೂರಿಸಿ, ದರ್ಜಿಯವರ ಬಕೆಟ್ಟಿನಲ್ಲಿ ತಣ್ಣೀರು ತುಂಬಿ ನಿನ್ನ ಕಾಲು ಇಳಿಬಿಟ್ಟೆ. ನೀರು ಬೆಚ್ಚಗಾದಾಗಲೆಲ್ಲ ಬದಲಾಯಿಸಿದೆ. ನೀನು ಕಣ್ಣು ಮುಚ್ಚಿ, "ಅಮ್ಮ ಸುಮ್ಮಸುಮ್ಮನೆ ಕೂರುತ್ತಿರಲಿಲ್ಲ ಕಣೇ ಇದರಲ್ಲಿ," ಅಂದೆ. ಆಮೇಲೆ ಹಾಳೆ ಕೇಳಿ ಇಸಕೊಂಡು, ನನಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು ಬರೆದೆ.

ಆ ಮನೆಯಲ್ಲಿ "ಎರಡು" ಅಂತಿದೆ.

ಮರುದಿನ ಮತ್ತೆ ಒಂಬತ್ತು.

ತಣ್ಣೀರು ನಿಜವಾಗಿಯೂ ಅಷ್ಟು ಹಾಯೆನಿಸಿತೋ, ಇಲ್ಲಾ ನಾನು ಅಳುತ್ತಾ ಮನೆಗೆ ಹೋಗಬಾರದು ಅಂತ ಬರೆದೆಯೋ, ಹೇಳುವವರು ಯಾರೂ ಇಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಬೆಳಗಿನಿಂದ ಕೂತಿದ್ದೇನೆ. ಈಗಷ್ಟೇ ಪೆನ್ಸಿಲು ತೆಗೆದುಕೊಂಡು ಆ ಎರಡರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಈ ಸಲ ಅಳಿಸಿಲ್ಲ.

ನಿನ್ನ ಇರುವೆ